ರೈ ಕಾಳಿನ ಜಾಡು ಹಿಡಿದು

ಅಮೆರಿಕದಲ್ಲಿ ಹೊಸ ರೈ ವಿಸ್ಕಿಯೊಂದು ಅಂಗಡಿಗೆ ಬಂತೆಂದರೆ ರಸಿಕರ ನಡುವೆ ಮೊದಲು ಓಡಾಡುವುದು ಮೂರು ಪ್ರಶ್ನೆಗಳು. ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತು? ಮದ್ಯಾಂಶದ ಪ್ರೂಫ್ ಎಷ್ಟು? ಯಾವ ಅಂಗಡಿಯಲ್ಲಿ ಇನ್ನೂ ಉಳಿದಿದೆ? ಬೆಲೆಯ ಮಾತು ಆಮೇಲೆ ಬರುತ್ತದೆ. ಯಾವ ತಳಿಯ ರೈ, ಅದನ್ನು ಯಾವ ಬಗೆಯ ಭಟ್ಟಿಯಲ್ಲಿ ಇಳಿಸಿದರು ಎಂದು ಕೇಳುವವರು ಬಲು ಕಡಿಮೆ. ಕಾಫಿಯ ವಿಚಾರದಲ್ಲಿ ನಾವು ಹೀಗೆ ಮಾಡುವುದಿಲ್ಲ. ಅರೇಬಿಕಾವೋ ರೊಬಸ್ಟಾವೋ, ಚಿಕ್ಕಮಗಳೂರಿನದೋ ಕೊಡಗಿನದೋ, ಚಿಕೋರಿ ಎಷ್ಟು ಬೆರೆಸಿದ್ದಾರೆ ಎಂದು ಕೇಳಿಯೇ ಪುಡಿ ಕೊಳ್ಳುತ್ತೇವೆ. ರೈ ವಿಸ್ಕಿಯನ್ನು ಸವಿಯುವುದೂ ಕಾಳಿನಿಂದಲೇ ಶುರುವಾಗಬೇಕು ಎಂಬುದು ನನ್ನ ನಂಬಿಕೆ. ಹೆಸರಿನಲ್ಲೇ ಧಾನ್ಯವನ್ನು ಹೊತ್ತ ಪಾನೀಯದಲ್ಲಿ ಆ ಧಾನ್ಯವೇ ಕಾಣದಂತೆ ಮಾಡಿ, ಪೀಪಾಯಿಯ ವಯಸ್ಸನ್ನಷ್ಟೇ ಹೊಗಳುತ್ತ ಕೂತರೆ ಸಿಗಬೇಕಾದ ಸುಖದಲ್ಲಿ ಅರ್ಧ ತಪ್ಪಿಹೋಗುತ್ತದೆ.

ಈ ನಂಬಿಕೆಗೆ ಬಲ ಬಂದದ್ದು 2021ರಲ್ಲಿ, ಡೆನ್ವರ್ ನಗರದ ಲಿಯೋಪೋಲ್ಡ್ ಬ್ರದರ್ಸ್ ಎಂಬ ಸಣ್ಣ ಭಟ್ಟಿಯವರು ತಮ್ಮ 'ತ್ರೀ ಚೇಂಬರ್ ರೈ' ಬಿಡುಗಡೆ ಮಾಡಿದಾಗ. ಅದರ ಕಥೆಗೆ ಹೋಗುವ ಮುನ್ನ ರೈ ಎಂಬ ಬೆಳೆಯ ಪರಿಚಯ ಆಗಬೇಕು, ಏಕೆಂದರೆ ನಮ್ಮ ಕಡೆಯ ಹೊಲಗಳಲ್ಲಿ ಅದನ್ನು ಕಂಡವರಿಲ್ಲ.

ರೈ ಗೋಧಿಯ ಬಂಧು, ಆದರೆ ಗೋಧಿಯ ಹಾಗೆ ಆದರದಿಂದ ಮನೆ ಸೇರಿದ ಬೆಳೆಯಲ್ಲ. ಪಶ್ಚಿಮ ಏಷ್ಯಾದ ಗೋಧಿ, ಬಾರ್ಲಿ ಹೊಲಗಳಲ್ಲಿ ಅದು ಕಳೆಯಾಗಿ ಬೆಳೆಯುತ್ತಿತ್ತು. ರೈತರು ಗುರುತು ಸಿಕ್ಕ ಕಳೆಯನ್ನೆಲ್ಲ ಕಿತ್ತೆಸೆದರು. ಗೋಧಿಯಂತೆ ಕಾಣುವ ಗಿಡಗಳು ಮಾತ್ರ ಕೈತಪ್ಪಿ ಉಳಿದುಕೊಂಡವು. ಹೀಗೆ ತಲೆಮಾರುಗಳ ಕಾಲ ಉಳಿದುಳಿದು ಕಳೆಯೇ ಗೋಧಿಯ ರೂಪ ತಾಳಿತು. ಚಳಿ ಹೆಚ್ಚಾದ, ಮಣ್ಣು ಸಾರವಿಲ್ಲದ ಉತ್ತರದ ನಾಡುಗಳಿಗೆ ಬೇಸಾಯ ಹಬ್ಬಿದಾಗ ಗೋಧಿ ಸೋತಿತು, ಕಳೆ ಗೆದ್ದಿತು. ಈ ಬೆಳವಣಿಗೆಯನ್ನು ವಿವರಿಸಿದವನು ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್. ಜರ್ಮನಿ, ಪೋಲೆಂಡ್, ರಷ್ಯಾಗಳ ಕಪ್ಪು ರೊಟ್ಟಿ ಈ ಕಾಳಿನದೇ. ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಮಾತಿನ ರೈತರಿಗೆ ರೈ ಪರಿಚಿತ ಬೆಳೆ. ಅವರ ಮತ್ತು ಸ್ಕಾಟ್-ಐರಿಷ್ ವಲಸಿಗರ ಕೈಯಲ್ಲಿ ಅದು ಮದ್ಯವೂ ಆಯಿತು. ಮೊನೊಂಗಹೀಲಾ ನದಿಯ ಕಣಿವೆಯಲ್ಲಿ ತಯಾರಾದ ರೈಗೆ ಆ ನದಿಯ ಹೆಸರೇ ಗುಣಮಟ್ಟದ ಗುರುತಾಯಿತು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೂಡ ರೈ ವಿಸ್ಕಿಯ ತಯಾರಕ. 1791ರಲ್ಲಿ ವಿಸ್ಕಿಯ ಮೇಲೆ ತೆರಿಗೆ ಬಿದ್ದಾಗ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆಯೆದ್ದರು. 1794ರಲ್ಲಿ ಅದನ್ನು ಅಡಗಿಸಲು ಸುಮಾರು 13 ಸಾವಿರ ಜನರ ಪಡೆ ಹೊರಟಿತು, ಅಧ್ಯಕ್ಷರೇ ಅದರೊಂದಿಗೆ ಸ್ವಲ್ಪ ದೂರ ಸಾಗಿದ್ದರು. ಅಧಿಕಾರ ಬಿಟ್ಟ 1797ರಲ್ಲಿ ಅವರ ಮೌಂಟ್ ವರ್ನನ್ ಎಸ್ಟೇಟಿನಲ್ಲಿ ಭಟ್ಟಿ ಶುರುವಾಯಿತು. ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟಿಷ್ ಮೇಸ್ತ್ರಿಯ ಸಲಹೆ ಅದು. ಶೇ 60 ರೈ, ಶೇ 35 ಮೆಕ್ಕೆಜೋಳ, ಶೇ 5 ಮೊಳಕೆ ಬಾರ್ಲಿ. ಐದು ತಾಮ್ರದ ಭಟ್ಟಿಗಳು. 1799ರಲ್ಲಿ ಅಲ್ಲಿ ಸುಮಾರು 11 ಸಾವಿರ ಗ್ಯಾಲನ್, ಅಂದರೆ 41 ಸಾವಿರ ಲೀಟರಿಗೂ ಹೆಚ್ಚು ವಿಸ್ಕಿ ತಯಾರಾಯಿತು. ಬೆಂಕಿಯ ಮುಂದೆ ನಿಂತು ದುಡಿದವರು ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ಟಿಮೊಥಿ ಎಂಬ ಆರು ಮಂದಿ ಗುಲಾಮರು. ವಾಷಿಂಗ್ಟನ್ ಹೆಸರಿನಲ್ಲಿ ಲೋಟ ಎತ್ತುವವರು ಈ ಆರು ಹೆಸರುಗಳನ್ನೂ ಹೇಳಬೇಕು. ಆಗಿನ ವಿಸ್ಕಿ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗುತ್ತಿರಲಿಲ್ಲ. ಬಣ್ಣವಿಲ್ಲದ, ಭಟ್ಟಿಯಿಂದ ಇಳಿದಂತೆಯೇ ಮಾರಾಟವಾಗುವ ಸರಕು. ಅಂದರೆ ಜನ ಕುಡಿಯುತ್ತಿದ್ದುದು ಕಾಳಿನ ರುಚಿಯನ್ನೇ.

ಈಗ ಕಾನೂನು ಬಿಗಿಯಾಗಿದೆ. ಅಮೆರಿಕದಲ್ಲಿ ರೈ ವಿಸ್ಕಿ ಎನ್ನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ 51 ರೈ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು, ಪೀಪಾಯಿಗೆ ಹಾಕುವಾಗ ಮದ್ಯಾಂಶ ಶೇ 62.5 ಮೀರಬಾರದು, ಬಾಟಲಿಯಲ್ಲಿ ಶೇ 40ಕ್ಕಿಂತ ಇಳಿಯಬಾರದು. ಎರಡು ವರ್ಷವಾದರೂ ಕಳೆದಿದ್ದರೆ 'ಸ್ಟ್ರೇಟ್' ಎನ್ನಬಹುದು. 1897ರ ಕಾಯ್ದೆಯ ಪ್ರಕಾರ 'ಬಾಟಲ್ಡ್ ಇನ್ ಬಾಂಡ್' ಎಂದು ಬರೆಯಬೇಕಾದರೆ ಒಂದೇ ಭಟ್ಟಿಯಲ್ಲಿ, ಒಂದೇ ಹಂಗಾಮಿನಲ್ಲಿ ಇಳಿಸಿದ್ದು, ಕನಿಷ್ಠ ನಾಲ್ಕು ವರ್ಷ ಸರ್ಕಾರಿ ನಿಗಾ ಇರುವ ಗೋದಾಮಿನಲ್ಲಿದ್ದದ್ದು, ಸರಿಯಾಗಿ ಶೇ 50 ಮದ್ಯಾಂಶದ್ದು ಆಗಿರಬೇಕು. ಇಷ್ಟೆಲ್ಲ ಷರತ್ತುಗಳಲ್ಲಿ ರೈ ತಳಿಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಕೆನಡಾದ ಕಾನೂನಂತೂ ಇನ್ನೂ ಸಡಿಲ. ಅಲ್ಲಿ ರೈ ವಿಸ್ಕಿ ಎಂಬುದು ಕೆನಡಿಯನ್ ವಿಸ್ಕಿಗೆ ಇನ್ನೊಂದು ಹೆಸರು, ಒಳಗೆ ರೈ ಇಷ್ಟೇ ಇರಬೇಕೆಂಬ ಕಟ್ಟಳೆಯಿಲ್ಲ.

ಕಾಳು ಹಿಂದೆ ಸರಿದದ್ದಕ್ಕೆ ಕಾರಣಗಳಿವೆ. 1920ರಿಂದ 1933ರವರೆಗಿನ ಪಾನನಿಷೇಧ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ನ ಭಟ್ಟಿಗಳ ಬೆನ್ನು ಮುರಿಯಿತು. ನಿಷೇಧ ತೆರವಾದ ಮೇಲೆ ಕೆಂಟಕಿಯ ಮೆಕ್ಕೆಜೋಳದ ಬರ್ಬನ್ ಚೇತರಿಸಿಕೊಂಡ ವೇಗದಲ್ಲಿ ರೈ ಚೇತರಿಸಲಿಲ್ಲ. ಮೆಕ್ಕೆಜೋಳ ಅಗ್ಗ, ಇಳುವರಿ ಹೆಚ್ಚು, ರುಚಿ ಸಿಹಿ. ರೈ ಹಾಗಲ್ಲ. ಬಿಸಿನೀರಿಗೆ ಬಿದ್ದ ರೈ ಹಿಟ್ಟು ಅಂಟಂಟಾಗುತ್ತದೆ. ಅದರ ಸಿಪ್ಪೆ, ಕೋಶಗೋಡೆಗಳಲ್ಲಿರುವ ಅರಾಬಿನೊಕ್ಸಿಲಾನ್ ಮತ್ತು ಬೀಟಾ-ಗ್ಲುಕಾನ್ ಎಂಬ ಪದಾರ್ಥಗಳು ನೀರನ್ನು ಹೀರಿಕೊಂಡು ಇಡೀ ಹಂಡೆಯನ್ನು ಸರಿಯಾಗಿ ಹರಿಯದ ಗಂಜಿಯಾಗಿಸುತ್ತವೆ. ಯೀಸ್ಟ್ ಹಾಕಿದರೆ ನೊರೆ ಉಕ್ಕಿ ಹಂಡೆಯ ಅಂಚು ದಾಟುತ್ತದೆ. ಭಟ್ಟಿಯವರು ಇದರ ಹೆಸರೆತ್ತಿದರೇ ನಿಟ್ಟುಸಿರು ಬಿಡುತ್ತಿದ್ದ ಕಾಲ ಒಂದಿತ್ತು. ಕೆಂಟಕಿಯ ದೊಡ್ಡ ಕಾರ್ಖಾನೆಗಳು ವರ್ಷಕ್ಕೆ ಬೆರಳೆಣಿಕೆಯ ದಿನ ಮಾತ್ರ ರೈ ಇಳಿಸಿ ಸುಮ್ಮನಾಗುತ್ತಿದ್ದವು. 1810ರಿಂದ ಪೆನ್ಸಿಲ್ವೇನಿಯಾದ್ದೇ ಆಗಿದ್ದ ಓಲ್ಡ್ ಓವರ್‌ಹೋಲ್ಟ್ ರೈ ಕೂಡ ಕೊನೆಗೆ ಕೆಂಟಕಿಗೆ ಹೋಯಿತು.

ಮರಳಿ ಜೀವ ಬಂದದ್ದು ಬಾರ್‌ಗಳಿಂದ. ಈ ಶತಮಾನದ ಮೊದಲ ದಶಕದಲ್ಲಿ ಮ್ಯಾನ್‌ಹಟನ್, ಸ್ಯಾಝೆರಾಕ್ ಮುಂತಾದ ಹಳೆಯ ಕಾಕ್‌ಟೇಲ್‌ಗಳನ್ನು ಮೂಲದಂತೆಯೇ ಮಾಡಬೇಕೆಂದು ಹೊರಟ ಬಾರ್‌ನವರಿಗೆ ರೈ ಬೇಕಾಯಿತು. ಇಂಡಿಯಾನಾದ ಲಾರೆನ್ಸ್‌ಬರ್ಗ್‌ನಲ್ಲಿ, ಒಂದು ಕಾಲದ ಸೀಗ್ರಾಮ್ಸ್ ಕಾರ್ಖಾನೆಯಲ್ಲಿ, ಬೇರೆ ವಿಸ್ಕಿಗಳಿಗೆ ಬೆರೆಸಲೆಂದು ಶೇ 95 ರೈ ಇದ್ದ ಒಂದು ಪಾಕ ತಯಾರಾಗುತ್ತಿತ್ತು. ಅದನ್ನು ಕೊಂಡು ತಮ್ಮ ತಮ್ಮ ಹೆಸರಿನಲ್ಲಿ ಮಾರುವವರು ಸಾಲುಗಟ್ಟಿದರು. ಮುಂದೆ 2015ರ ಕೊನೆಯಲ್ಲಿ ವಿಮರ್ಶಕ ಜಿಮ್ ಮರ‍್ರೆ ತಮ್ಮ 2016ರ ವಿಸ್ಕಿ ಕೈಪಿಡಿಯಲ್ಲಿ ಕೆನಡಾದ ಕ್ರೌನ್ ರಾಯಲ್ ನಾರ್ದರ್ನ್ ಹಾರ್ವೆಸ್ಟ್ ರೈಗೆ 97.5 ಅಂಕ ಕೊಟ್ಟು ಜಗತ್ತಿನ ಶ್ರೇಷ್ಠ ವಿಸ್ಕಿ ಎಂದರು. ಅಲ್ಲಿಯವರೆಗೆ ಯಾರೂ ಅವಸರಪಡದೆ ಕೊಳ್ಳುತ್ತಿದ್ದ ಆ ಬಾಟಲಿ ಕೆನಡಾದ ಅಂಗಡಿಗಳಿಂದ ನೋಡುನೋಡುತ್ತಲೇ ಮಾಯವಾಯಿತು. ರೈ ಮತ್ತೆ ಬೇಕಾದ ವಸ್ತುವಾಗಿತ್ತು, ನಿಜ. ಆದರೆ ಎಷ್ಟೋ ಲೇಬಲ್‌ಗಳ ಒಳಗಿದ್ದ ರಸ ಒಂದೇ ಊರಿನ ಒಂದೇ ಕಾರ್ಖಾನೆಯದು.

ಇಂಥ ಹೊತ್ತಿನಲ್ಲಿ ಲಿಯೋಪೋಲ್ಡ್ ಬ್ರದರ್ಸ್‌ನ ಟಾಡ್ ಲಿಯೋಪೋಲ್ಡ್ ಕೇಳಿಕೊಂಡ ಪ್ರಶ್ನೆ ನನಗೆ ಬಹಳ ಹಿಡಿಸಿತು. ಪಾನನಿಷೇಧಕ್ಕೆ ಮುಂಚೆ ಜನ ಮೆಚ್ಚಿ ಕುಡಿಯುತ್ತಿದ್ದ ರೈಗೆ ನಿಜಕ್ಕೂ ಎಂಥ ರುಚಿಯಿತ್ತು? ಸೋದರ ಸ್ಕಾಟ್ ವ್ಯವಹಾರ ನೋಡಿಕೊಳ್ಳುವವರು, ಟಾಡ್ ಷಿಕಾಗೊ ಮತ್ತು ಮ್ಯೂನಿಕ್‌ಗಳಲ್ಲಿ ಮಾಲ್ಟ್ ಮತ್ತು ಬಿಯರ್ ತಯಾರಿಕೆ ಕಲಿತು ಬಂದವರು. ಹಳೆಯ ತಾಂತ್ರಿಕ ಪುಸ್ತಕಗಳನ್ನು, ಸರ್ಕಾರಿ ದಾಖಲೆಗಳನ್ನು ಓದುತ್ತ ಹೋದಂತೆ ಅವರಿಗೆ ಮೂರು ಕೋಣೆಗಳ ಭಟ್ಟಿಯೊಂದರ ವಿವರ ಮತ್ತೆ ಮತ್ತೆ ಎದುರಾಯಿತು. ಪೂರ್ವ ತೀರದ ರೈ ತಯಾರಕರು ಮೆಚ್ಚಿ ಬಳಸುತ್ತಿದ್ದ ಈ ಭಟ್ಟಿ ಎರಡನೆಯ ಮಹಾಯುದ್ಧದ ನಂತರ ಹೇಳಹೆಸರಿಲ್ಲದಂತೆ ಹೋಗಿತ್ತು. ಗುಜರಿಗೆ ಹೋಗದೆ ಉಳಿದ ಒಂದೂ ಅವರಿಗೆ ಸಿಗಲಿಲ್ಲ. ಹಳೆಯ ಚಿತ್ರಗಳ ಆಧಾರದ ಮೇಲೆ ಕೆಂಟಕಿಯ ಲೂಯಿವಿಲ್‌ನ ವೆಂಡೋಮ್ ತಾಮ್ರ ಕಾರ್ಖಾನೆಯಲ್ಲಿ ಹೊಸದಾಗಿಯೇ ಒಂದನ್ನು ಮಾಡಿಸಿದರು.

ಅದರ ಕೆಲಸ ಸರಳ, ಆದರೆ ನಿಧಾನ. ಮೂರು ಕೋಣೆಗಳು ಒಂದರ ಮೇಲೊಂದು. ಹುಳಿ ಬಂದ ರೈ ಗಂಜಿಯನ್ನು ಸೋಸದೆ, ಕಾಳಿನ ನುಚ್ಚು, ಸಿಪ್ಪೆ ಸಮೇತ ಮೇಲಿನ ಕೋಣೆಗೆ ತುಂಬುತ್ತಾರೆ. ಕೆಳಗಿನಿಂದ ಹಬೆ ಬಿಡುತ್ತಾರೆ. ಹಬೆ ಕೆಳಗಿನ ಕೋಣೆಯ ಗಂಜಿಯನ್ನು ಕುದಿಸಿ, ಅದರ ಆವಿಯನ್ನು ಹೊತ್ತು ನಡುವಿನದಕ್ಕೆ, ಅಲ್ಲಿಂದ ಮೇಲಿನದಕ್ಕೆ ಏರುತ್ತದೆ. ನಿಗದಿಯಾದ ಹೊತ್ತು ಕಳೆದ ಮೇಲೆ ಕೆಳಗಿನ ಕೋಣೆಯನ್ನು ಖಾಲಿ ಮಾಡಿ, ನಡುವಿನದನ್ನು ಕೆಳಕ್ಕೆ, ಮೇಲಿನದನ್ನು ನಡುವಿಗೆ ಇಳಿಸಿ, ಮೇಲೆ ಹೊಸ ಗಂಜಿ ತುಂಬುತ್ತಾರೆ. ಹೀಗೆ ಪ್ರತಿಯೊಂದು ಪಾಲೂ ಮೂರು ಸಲ ಹಬೆಗೆ ಮೈಯೊಡ್ಡುತ್ತದೆ. ಇಂದಿನ ದೊಡ್ಡ ಕಾರ್ಖಾನೆಗಳ ಕಂಬದಾಕಾರದ ಭಟ್ಟಿಯಲ್ಲಿ ಗಂಜಿ ಮೇಲಿನಿಂದ ಸುರಿದು ಕೆಲವೇ ನಿಮಿಷಗಳಲ್ಲಿ ಕೆಳಗೆ ಬಂದು ಹೊರಹೋಗುತ್ತದೆ. ಮದ್ಯವನ್ನು ಬೇರ್ಪಡಿಸಲು ಅಷ್ಟು ಸಮಯ ಸಾಕು. ಆದರೆ ಕಾಳಿನ ಎಣ್ಣೆಯಂಶ, ಅದರೊಳಗಿನ ಪರಿಮಳ ಅಷ್ಟು ಬೇಗ ಬಿಟ್ಟುಬರುವುದಿಲ್ಲ. ಮೂರು ಕೋಣೆಗಳ ಭಟ್ಟಿ ಮದ್ಯವನ್ನು ಇಳಿಸುವ ಜೊತೆಗೆ ಕಾಳಿನ ಎಣ್ಣೆಯನ್ನೂ ಇಳಿಸುತ್ತದೆ. ಟಾಡ್‌ಗೆ ಬೇಕಿದ್ದದ್ದು ಅದೇ.

ಕಾಳಿನ ಆಯ್ಕೆಯಲ್ಲೂ ಅವರು ಹಿಂದಕ್ಕೆ ಹೋದರು. ಇಟಲಿಯ ಅಬ್ರುಝ್ಝೊ ಸೀಮೆಯ ಹೆಸರು ಹೊತ್ತ ಅಬ್ರುಝ್ಝಿ ಎಂಬ ಹಳೆಯ ತಳಿ ಅವರು ಆರಿಸಿಕೊಂಡದ್ದು. ಇದರಲ್ಲಿ ಪಿಷ್ಟ ಕಡಿಮೆ. ಪಿಷ್ಟ ಕಡಿಮೆಯಾದರೆ ಸಕ್ಕರೆ ಕಡಿಮೆ, ಮದ್ಯವೂ ಕಡಿಮೆ; ಒಂದು ಟನ್ ಕಾಳಿಗೆ ಬರುವ ಬಾಟಲಿಗಳ ಲೆಕ್ಕ ಹಾಕುವವರು ಮೂಸಿಯೂ ನೋಡದ ತಳಿ. ಶೇ 80 ಅಬ್ರುಝ್ಝಿ ರೈ, ಉಳಿದ ಶೇ 20 ತಮ್ಮದೇ ಅಂಗಳದ ಮೇಲೆ ಹರಡಿ, ಮಗುಚಿ ಮೊಳಕೆ ಬರಿಸಿದ ಮಾಲ್ಟ್. ಬಾಟಲಿಗೆ ಬಂದದ್ದು ಶೇ 50 ಮದ್ಯಾಂಶದ ಬಾಟಲ್ಡ್ ಇನ್ ಬಾಂಡ್.

ಡೆನ್ವರ್ ಸುತ್ತ ರೈ ಮೆಚ್ಚುವ ಗೆಳೆಯರ ಒಂದು ಬಳಗ ನಮ್ಮದು. ಬಾಟಲಿ ಹೊರಬಂದ ಮೇಲೆ ಒಬ್ಬರ ಮನೆಯಲ್ಲಿ ಸೇರಿದೆವು. ಲಸಿಕೆ ಹಾಕಿಸಿಕೊಂಡು, ಮುಖವಾಡ ತೆಗೆದು ಒಂದೇ ಮೇಜಿನ ಸುತ್ತ ಕೂರಲು ಧೈರ್ಯ ಬಂದಿದ್ದ ಕಾಲ ಅದು. ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು ಒಬ್ಬರು, ಪೋಲೆಂಡ್ ಮೂಲದ ಮನೆತನದ ಬೇಕರಿಯವರು ಒಬ್ಬರು, ಬಾರ್ ನಡೆಸುವ ಹುಡುಗಿ, ದಾವಣಗೆರೆಯಿಂದ ಬಂದು ಇಲ್ಲಿ ನೆಲೆಸಿದ ನನ್ನ ಗೆಳೆಯ, ನಾನು.

ನಮ್ಮ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸವಿಯುವ ಕೆಲಸದಲ್ಲಿ ಕ್ರಮಕ್ಕೆ ಬೆಲೆಯಿದೆ. ಯಾವ ಲೋಟದಲ್ಲಿ ಯಾವುದಿದೆ ಎಂಬುದು ಸುರಿದವರಿಗೆ ಬಿಟ್ಟು ಬೇರೆಯವರಿಗೆ ತಿಳಿಯಬಾರದು. ಲೋಟ ಬುಡ ಅಗಲ, ಬಾಯಿ ಕಿರಿದಾದ ಗ್ಲೆನ್‌ಕೇರ್ನ್. ಪ್ರತಿಯೊಂದರಲ್ಲೂ ಹದಿನೈದು ಮಿಲಿಲೀಟರಿಗಿಂತ ಹೆಚ್ಚಿಲ್ಲ, ಉಗುಳಲು ಒಂದು ಪಾತ್ರೆ, ಬಾಯಿ ತೊಳೆಯಲು ನೀರು. ಅತ್ತರು ಹಚ್ಚಿ ಬರುವಂತಿಲ್ಲ. ಖಾರದ ಕುರುಕಲು ಮೇಜಿನ ಮೇಲೆ ಇರುವಂತಿಲ್ಲ. ಮೂಗನ್ನು ಲೋಟದೊಳಗೆ ತೂರಿಸದೆ, ಬಾಯಿ ಕೊಂಚ ತೆರೆದುಕೊಂಡು ದೂರದಿಂದಲೇ ವಾಸನೆ ಎಳೆದುಕೊಳ್ಳಬೇಕು. ಇಲ್ಲವಾದರೆ ಮದ್ಯದ ಉರಿಯೇ ಮೂಗನ್ನು ಮಂಕಾಗಿಸುತ್ತದೆ. ಒಂದು ಹನಿ ನಾಲಿಗೆಗೆ ತಾಗಿಸಿ ಬಾಯಿಯನ್ನು ಒಗ್ಗಿಸಿಕೊಂಡ ಮೇಲೆ ನಿಜವಾದ ಗುಟುಕು. ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಒಬ್ಬರು "ಪುದೀನ" ಎಂದರೆ ಸಾಕು, ಮೇಜಿನ ತುಂಬ ಪುದೀನವೇ ಬೆಳೆಯುತ್ತದೆ.

ನಾಲ್ಕು ಲೋಟಗಳಿದ್ದವು. ಲೇಬಲ್‌ಗಳು ಬಯಲಾದ ಮೇಲಿನ ಕ್ರಮದಲ್ಲೇ ಹೇಳುತ್ತೇನೆ. ಮೊದಲನೆಯದು ಬುಲೆಟ್ ರೈ, ಇಂಡಿಯಾನಾದ ಶೇ 95ರ ಪಾಕದ್ದು. ಮೂಗಿಗೆ ಹಿಡಿದ ಕೂಡಲೇ ಹಸಿ ಸಬ್ಬಸಿಗೆ ಸೊಪ್ಪು, ಪುದೀನ, ಹಿಂದೆಯೇ ಕರಿಮೆಣಸು. ಮೈ ತೆಳು, ಚುರುಕು. ಎರಡನೆಯದು ರಿಟನ್‌ಹೌಸ್, ಕೆಂಟಕಿಯ ಹೆವೆನ್ ಹಿಲ್‌ನವರದು. ಇದರಲ್ಲಿ ಕಾನೂನಿಗೆ ಬೇಕಾದಷ್ಟೇ, ಶೇ 51 ರೈ. ಕಿತ್ತಳೆ ಸಿಪ್ಪೆ, ಚಕ್ಕೆ, ಬೆಲ್ಲದ ಪಾಕದ ಸಿಹಿ. ಅರ್ಧ ಬರ್ಬನ್ನೇ ಎನ್ನಿಸುವ ಮೃದುತ್ವ. ಬೆಲೆ ಮತ್ತು ಗುಣ ಎರಡನ್ನೂ ತೂಗಿದರೆ ಇಂದಿಗೂ ನಾನು ಹೊಸಬರಿಗೆ ಮೊದಲು ಕೊಡುವುದು ಇದನ್ನೇ.

ಮೂರನೆಯದು ಲಿಯೋಪೋಲ್ಡ್‌ನವರ ತ್ರೀ ಚೇಂಬರ್ ರೈ. ಆ ಲೋಟದ ಹತ್ತಿರ ಎಲ್ಲರ ಪೆನ್ಸಿಲ್ಲುಗಳೂ ಹೆಚ್ಚು ಹೊತ್ತು ನಿಂತವು. ನನ್ನ ಕಾಗದದಲ್ಲಿ ಮೊದಲು ಬಂದದ್ದು ಹೂವು. ಒಣಗಿದ ಗುಲಾಬಿ ಪಕಳೆ, ಗುಲ್ಕನ್ ಡಬ್ಬಿಯ ಮುಚ್ಚಳ ತೆಗೆದಾಗಿನ ಘಮ. ಅದರ ಕೆಳಗೆ ಹಸಿ ಬಾದಾಮಿ, ಲವಂಗ. ನಾಲಿಗೆಯ ಮೇಲೆ ಅದು ಬೇರೆಯದೇ ಪದಾರ್ಥ. ಎಣ್ಣೆಯಂತೆ ನಾಲಿಗೆಯ ಅಂಚಿನವರೆಗೂ ಹರಡಿಕೊಂಡು, ನುಂಗಿದ ಮೇಲೂ ಬಾಯಿ ಬಿಟ್ಟು ಹೋಗದು. ಶೇ 50ರ ಉರಿ ಇದ್ದೂ ಇಲ್ಲದಂತೆ. ದಾವಣಗೆರೆಯ ಗೆಳೆಯ ನಿಯಮ ಮುರಿದು ನನ್ನ ಕಿವಿಯಲ್ಲಿ, "ಲೇ, ಇದ್ರಾಗ ಚಾಪುಡಿ ವಾಸ್ನಿ ಐತಿ ನೋಡು" ಎಂದ. ಮತ್ತೆ ಮೂಸಿದೆ. ಇತ್ತು, ಕಡುಕಪ್ಪು ಚಹಾ ಎಲೆಯ ಒಗರು. ಬಾಯಿ ಬಿಡಬಾರದೆಂಬ ನಿಯಮಕ್ಕೆ ಕಾರಣವೂ ಅಲ್ಲೇ ಸಿಕ್ಕಿತು, ಆಮೇಲೆ ಆ ಲೋಟದಲ್ಲಿ ನನಗೆ ಚಹಾ ಬಿಟ್ಟು ಬೇರೇನನ್ನೂ ಹುಡುಕುವುದು ಕಷ್ಟವಾಯಿತು.

ಬೇಕರಿಯವರ ಕಾಗದದಲ್ಲಿ ಮಾತ್ರ ಹೂವೂ ಇಲ್ಲ, ಚಹಾವೂ ಇಲ್ಲ. "ಹಿಟ್ಟು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಹುಳಿ ಬರಲು ಇಟ್ಟ ರೈ ಹಿಟ್ಟಿನ ಬೋಗುಣಿಯ ಬಟ್ಟೆ ಸರಿಸಿದಾಗ ಮುಖಕ್ಕೆ ಬಡಿಯುವ ವಾಸನೆ ಇದೊಂದರಲ್ಲೇ ಇದೆ ಎಂಬುದು ಅವರ ಖಚಿತ ಮಾತು.

ಅವರು ಆ ಸಂಜೆ ತಂದಿದ್ದ ರೊಟ್ಟಿಯಿಂದ ನಾವೆಲ್ಲರೂ ಕಲಿತದ್ದು ದೊಡ್ಡದು. ರೈ ವಿಸ್ಕಿಯ ಬಗ್ಗೆ ಬರೆಯುವವರೆಲ್ಲ ಶಾಹಿ ಜೀರಿಗೆಯ ಹೆಸರು ಹೇಳುತ್ತಾರೆ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಅವರು ತಂದದ್ದು ಬರೀ ರೈ ಹಿಟ್ಟು, ನೀರು, ಉಪ್ಪು ಇಷ್ಟರಿಂದಲೇ ಮಾಡಿದ ಕಪ್ಪು ರೊಟ್ಟಿ. ತಿಂದು ನೋಡಿದರೆ ಶಾಹಿ ಜೀರಿಗೆಯ ಸುಳಿವಿಲ್ಲ; ಮಣ್ಣಿನ ಘಮ, ಕಾಯಿಯ ಸಿಹಿ, ಹಿತವಾದ ಹುಳಿ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ರೈ ರೊಟ್ಟಿಗೆ ಶಾಹಿ ಜೀರಿಗೆಯನ್ನು ಬೇರೆಯಾಗಿ ಬೆರೆಸಿರುತ್ತಾರೆ. ಆ ರೊಟ್ಟಿ ತಿಂದು ಬೆಳೆದವರ ನೆನಪಿನಲ್ಲಿ ರೈ ಎಂದರೆ ಶಾಹಿ ಜೀರಿಗೆ ಎಂದು ಕೂತುಬಿಟ್ಟಿದೆ, ಅಲ್ಲಿಂದ ಅದು ವಿಸ್ಕಿಯ ವರ್ಣನೆಗೂ ನುಸುಳಿದೆ. ಕೆಲವು ರೈಗಳಲ್ಲಿ ಆ ಜಾತಿಯ ಪರಿಮಳ ನಿಜವಾಗಿಯೂ ಇರುತ್ತದೆ, ಆದರೆ ಎಲ್ಲದರಲ್ಲೂ ಅದನ್ನು ಹುಡುಕುವುದು ಕಾಳಿಗೆ ಮಾಡುವ ಅನ್ಯಾಯ. ಆವತ್ತಿನಿಂದ ನಮ್ಮ ಕೂಟಗಳಲ್ಲಿ ವಿಸ್ಕಿಗೆ ಮೊದಲು ಆ ರೊಟ್ಟಿಯ ಒಂದು ತುಣುಕು ಎಲ್ಲರ ಬಾಯಿಗೂ ಬೀಳುತ್ತದೆ.

ಲವಂಗದ ಮಾತು ಬೇರೆ. ಅದಕ್ಕೆ ಆಧಾರವಿದೆ ಎಂದು ಮೇಷ್ಟ್ರು ವಿವರಿಸಿದರು. ರೈ ಸಿಪ್ಪೆಯಲ್ಲಿ ಫೆರುಲಿಕ್ ಆಮ್ಲವಿದೆ; ಯೀಸ್ಟ್ ಮತ್ತು ಶಾಖ ಸೇರಿ ಅದನ್ನು 4-ವಿನೈಲ್ ಗ್ವಾಯಕಾಲ್ ಎಂಬ ಲವಂಗದ ಘಮದ ವಸ್ತುವಾಗಿ ಬದಲಾಯಿಸುತ್ತವೆ. ಸುಟ್ಟ ಓಕ್ ಕೂಡ ಯೂಜಿನಾಲ್ ಕೊಡುತ್ತದೆ, ಅದು ನಮ್ಮ ಲವಂಗದಲ್ಲೇ ಇರುವ ಎಣ್ಣೆ. ವೆನಿಲ್ಲಾದ ಪರಿಮಳ ಮರದ ಲಿಗ್ನಿನ್ ಒಡೆದು ಬರುವುದು, ಕೊಬ್ಬರಿಯ ಛಾಯೆ ಓಕ್‌ನ ಲ್ಯಾಕ್ಟೋನ್‌ಗಳದು. ಒಂದೇ ಗುಟುಕಿನಲ್ಲಿ ಮರದ್ದೆಷ್ಟು, ಕಾಳಿನದೆಷ್ಟು ಎಂದು ಬಿಡಿಸಿ ನೋಡಲು ಇಷ್ಟು ತಿಳಿದಿದ್ದರೂ ಬಹಳ ಅನುಕೂಲ. ವೆನಿಲ್ಲಾ, ಕೊಬ್ಬರಿ, ಸುಟ್ಟ ಸಕ್ಕರೆ ಮಾತ್ರ ಸಿಕ್ಕರೆ ನೀವು ಹೊಗಳುತ್ತಿರುವುದು ಬಡಗಿಯನ್ನು.

ಬಳಿಕ ಎಲ್ಲ ಲೋಟಗಳಿಗೂ ಹನಿಹನಿಯಾಗಿ ನೀರು. ನೀರು ಬೆರೆಸುವುದು ವಿಸ್ಕಿಗೆ ಅವಮಾನ ಎನ್ನುವವರು ಇನ್ನೂ ಇದ್ದಾರೆ. ಸ್ವೀಡನ್‌ನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಅಧ್ಯಯನವನ್ನು ಅವರು ಓದಬೇಕು. ಮದ್ಯಾಂಶ ಶೇ 45ರವರೆಗೆ ಇರುವಾಗ ಗ್ವಾಯಕಾಲ್‌ನಂಥ ಪರಿಮಳದ ಅಣುಗಳು ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತವೆ. ಶೇ 59 ದಾಟಿದರೆ ಒಳಕ್ಕೆ ಮುಳುಗುತ್ತವೆ. ಗಟ್ಟಿ ವಿಸ್ಕಿಗೆ ಸ್ವಲ್ಪ ನೀರು ಸೇರಿದಾಗ ಘಮ ಮೇಲೇಳುವುದಕ್ಕೆ ಒಂದು ವಿವರಣೆ ಇದು. ಮೂರನೆಯ ಲೋಟದಲ್ಲಿ ನೀರು ಬಿದ್ದ ಮೇಲೆ ಬಾದಾಮಿ ಹಿಂದಾಗಿ ಹೂವು ಇನ್ನಷ್ಟು ಅರಳಿತು. ಬುಲೆಟ್ ಮಾತ್ರ ಬೇಗ ಸೋತು ನೀರಾಯಿತು.

ನಾಲ್ಕನೆಯ ಲೋಟ ನಮ್ಮೂರಿನದು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಪೂರ್ತಿ ಮೊಳಕೆ ರೈನಿಂದಲೇ ಮಾಡಿದ ಸಿಂಗಲ್ ಮಾಲ್ಟ್. ಬಾಟಲಿಯನ್ನು ಕಾಪಿಟ್ಟಿದ್ದವನು ದಾವಣಗೆರೆಯ ಗೆಳೆಯ. ಭಾರತದಲ್ಲಿ ವಿಸ್ಕಿ ಎಂದು ಮಾರಾಟವಾಗುವುದರ ಬಹುಪಾಲಿಗೆ ಬಹುಕಾಲ ಕಬ್ಬಿನ ಕಾಕಂಬಿಯೇ ಆಧಾರ. ಅಂಥ ನೆಲದಿಂದ 1948ರಲ್ಲಿ ಹುಟ್ಟಿದ ಸಂಸ್ಥೆಯೊಂದು 2004ರಲ್ಲಿ ಗ್ಲಾಸ್ಗೊಗೇ ಹೋಗಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿತು, ಮುಂದೆ ರೈಗೂ ಕೈ ಹಾಕಿತು. ನನಗೆ ಅದು ಈಗಲೂ ರೋಮಾಂಚನದ ಸಂಗತಿ. ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ರಸ ಪೀಪಾಯಿಯಿಂದ ಆವಿಯಾಗಿ ಹೋಗುತ್ತದೆ, ಮರದ ಸಾರ ಬೇಗ ಇಳಿಯುತ್ತದೆ. ಹಾಗಾಗಿ ವಯಸ್ಸಿನ ಲೆಕ್ಕ ಅಲ್ಲಿಗೆ ಒಪ್ಪುವುದೇ ಇಲ್ಲ. ಆ ಲೋಟದಲ್ಲಿ ಬೆಲ್ಲ, ಶುಂಠಿ, ಹುರಿದ ಕಾಳಿನ ಘಮ. ಮೊಳಕೆ ಬರಿಸಿದ ರೈ ಹಸಿ ರೈಗಿಂತ ಸೌಮ್ಯ; ಮೆಣಸಿನ ಚುರುಕು ಕಡಿಮೆಯಾಗಿ ರೊಟ್ಟಿಯ ಗುಣ ಹೆಚ್ಚುತ್ತದೆ. ಬೇಕರಿಯವರು ಇದಕ್ಕೆ ಎರಡನೆಯ ಸ್ಥಾನ ಕೊಟ್ಟರು. ನಾನೂ ಅಷ್ಟೇ, ಊರಿನ ಅಭಿಮಾನ ಬದಿಗಿಟ್ಟೇ ಈ ಮಾತು ಹೇಳುತ್ತಿದ್ದೇನೆ, ಲೇಬಲ್ ಬಯಲಾಗುವ ಮುಂಚೆಯೇ ಅಂಕ ಹಾಕಿ ಆಗಿತ್ತು.

ಬೆಲೆಯ ಮಾತು ಬಂದಾಗ ಮೇಜು ಕಾವೇರಿತು. ತ್ರೀ ಚೇಂಬರ್ ರೈಗೆ ಆಗ ಸುಮಾರು 250 ಡಾಲರ್. ನಾಲ್ಕು ವರ್ಷ ದಾಟಿದ ವಿಸ್ಕಿಗೆ ಇದು ವಿಪರೀತ ಎಂದವಳು ಬಾರ್ ನಡೆಸುವ ಹುಡುಗಿ. ಒಂದು ಲೋಟಕ್ಕೆ ಎಷ್ಟು ಬೀಳುತ್ತದೆ ಎಂದು ಗಿರಾಕಿಗೆ ಉತ್ತರ ಹೇಳಬೇಕಾದವಳು ಅವಳೇ ತಾನೆ. ಅವಳ ಮಾತಿನಲ್ಲಿ ಸತ್ಯವಿದೆ. ಆದರೂ ಎಲ್ಲೂ ಇಲ್ಲದ ಭಟ್ಟಿಯನ್ನು ಹೊಸದಾಗಿ ಮಾಡಿಸಿ, ಇಳುವರಿ ಕಡಿಮೆ ಕೊಡುವ ತಳಿಯನ್ನು ಬೆಳೆಸಿ, ನಿಧಾನವಾಗಿ ಇಳಿಸಿದ್ದಕ್ಕೆ ತಗಲುವ ಖರ್ಚು ಇದು ಎಂದರೆ ನನಗೆ ಒಪ್ಪಿಗೆ. ಇಪ್ಪತ್ತು ವರ್ಷ ಮರದಲ್ಲಿಟ್ಟು ಕಾಳಿನ ಗುರುತೇ ಅಳಿಸಿಹೋದ ಬಾಟಲಿಗೆ ಸಾವಿರಾರು ಡಾಲರ್ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು. ಕೊಂಡು, ಸೀಲು ಒಡೆಯದೆ, ಬೆಲೆ ಏರಲಿ ಎಂದು ಕಪಾಟಿನಲ್ಲಿ ಇಡುವವರ ಬಗ್ಗೆ ಮಾತ್ರ ನನಗೆ ಸಹನೆಯಿಲ್ಲ. ಹೊಲದಿಂದ ಭಟ್ಟಿಯವರೆಗೆ ಅಷ್ಟು ಜನ ದುಡಿದದ್ದು ಯಾರದೋ ನಾಲಿಗೆ ತಲುಪಲೆಂದು.

ಕಾಳಿನ ಬೆನ್ನು ಹತ್ತಿದವರು ಲಿಯೋಪೋಲ್ಡ್ ಸಹೋದರರು ಮಾತ್ರವಲ್ಲ. ನ್ಯೂಯಾರ್ಕ್‌ನ ಕೆಲವು ಭಟ್ಟಿಗಳು ಸೇರಿ 'ಎಂಪೈರ್ ರೈ' ಎಂಬ ಕಟ್ಟಳೆ ಮಾಡಿಕೊಂಡಿವೆ. ಧಾನ್ಯದಲ್ಲಿ ಶೇ 75 ಆ ರಾಜ್ಯದ ಹೊಲಗಳ ರೈ ಆಗಿರಬೇಕು. ಇನ್ನೊಂದು, ಮಿಷಿಗನ್‌ನ ರೋಸೆನ್ ರೈ. 1909ರಲ್ಲಿ ರಷ್ಯಾದಿಂದ ಬೀಜ ತರಿಸಿಕೊಟ್ಟ ಜೋಸೆಫ್ ರೋಸೆನ್ ಎಂಬ ವಿದ್ಯಾರ್ಥಿಯ ಹೆಸರು ಆ ತಳಿಗೆ. ರೈ ಹೂವಿನ ಪರಾಗವನ್ನು ಗಾಳಿ ಹೊತ್ತೊಯ್ಯುತ್ತದೆ. ಪಕ್ಕದ ಹೊಲದಲ್ಲಿ ಬೇರೆ ರೈ ಇದ್ದರೆ ಮುಂದಿನ ಬೆಳೆಗೆ ತಳಿ ಕಲಬೆರಕೆಯಾಗುತ್ತದೆ. ಅದಕ್ಕೇ ಮಿಷಿಗನ್ ಸರೋವರದ ನಡುವಿನ ಸೌತ್ ಮ್ಯಾನಿಟೂ ದ್ವೀಪದಲ್ಲಿ, ಸುತ್ತ ನೀರೇ ಬೇಲಿಯಾಗಿರುವಲ್ಲಿ, ಶುದ್ಧ ಬೀಜ ಬೆಳೆಸುತ್ತಿದ್ದರು. ಹೊಲಗಳಿಂದ ಮರೆಯಾಗಿದ್ದ ರೋಸೆನ್ ಬೀಜಬ್ಯಾಂಕಿನ ಅಲ್ಪಸ್ವಲ್ಪ ಕಾಳಿನಿಂದ ಪೆನ್ಸಿಲ್ವೇನಿಯಾದಲ್ಲೂ ಮಿಷಿಗನ್‌ನಲ್ಲೂ ಮರಳಿ ಹೊಲ ಸೇರಿದೆ. ಭತ್ತದ ನಾಟಿ ತಳಿಗಳನ್ನು ಹುಡುಕಿ ಉಳಿಸುತ್ತಿರುವ ನಮ್ಮ ಕಡೆಯ ರೈತರಿಗೆ ಈ ಶ್ರಮದ ತೂಕ ಹೇಳಿಕೊಡಬೇಕಿಲ್ಲ.

ತ್ರೀ ಚೇಂಬರ್ ರೈ ಬಂದ 2021ರಲ್ಲೇ ಲಿಯೋಪೋಲ್ಡ್‌ನವರು ಟೆನೆಸಿಯ ಜಾರ್ಜ್ ಡಿಕಲ್ ಭಟ್ಟಿಯ ಜೊತೆ ಸೇರಿ ಇನ್ನೊಂದು ಬಾಟಲಿ ತಂದರು. ಮೂರು ಕೋಣೆಗಳ ಭಟ್ಟಿಯ ರೈಯನ್ನೂ ಡಿಕಲ್‌ನ ಕಂಬದ ಭಟ್ಟಿಯ ರೈಯನ್ನೂ ಬೆರೆಸಿದ್ದು. ಪಾನನಿಷೇಧಕ್ಕೆ ಮುಂಚಿನ ಕಾಲದಲ್ಲಿ ಹೀಗೆ ಭಾರದ್ದನ್ನೂ ಹಗುರದ್ದನ್ನೂ ಬೆರೆಸುವ ರೂಢಿಯಿತ್ತೆಂಬುದು ಅವರ ಆಧಾರ. ಅದನ್ನೂ ಒಟ್ಟಿಗೆ ಕೂತು ಸವಿದೆವು. ಹೂವು ಅಲ್ಲೂ ಸಿಕ್ಕಿತು, ಆದರೆ ಕಂಬದ ಭಟ್ಟಿಯ ಚುರುಕು ಅದಕ್ಕೆ ಬೆನ್ನೆಲುಬು ಕೊಟ್ಟಂತಿತ್ತು. ದಿನವೂ ಒಂದು ಗುಟುಕು ಕುಡಿಯುವುದಾದರೆ ಇದೇ ಸಾಕು ಎಂದಳು ಬಾರ್ ಹುಡುಗಿ.

ಮೇಷ್ಟ್ರು ಇನ್ನೂ ಒಪ್ಪಿಲ್ಲ. ಆ ಹೂವಿನ ಘಮ ಅಬ್ರುಝ್ಝಿ ಕಾಳಿನದೋ, ಮೂರು ಕೋಣೆಗಳದೋ ಎಂದು ಈ ಬಾಟಲಿಗಳಿಂದ ತೀರ್ಮಾನ ಮಾಡಲಾಗದು ಎಂಬುದು ಅವರ ವಾದ. ಎರಡು ಅಂಶಗಳನ್ನು ಒಟ್ಟಿಗೆ ಬದಲಾಯಿಸಿದ ಪ್ರಯೋಗವನ್ನು ಅವರು ತರಗತಿಯಲ್ಲಿ ಎಂದೂ ಒಪ್ಪಿದವರಲ್ಲ. ಅದೇ ಅಬ್ರುಝ್ಝಿಯನ್ನು ಸಾಮಾನ್ಯ ತಾಮ್ರದ ಭಟ್ಟಿಯಲ್ಲಿ ಇಳಿಸಿ, ಅಂಥದೇ ಪೀಪಾಯಿಯಲ್ಲಿ ನಾಲ್ಕು ವರ್ಷ ಇಟ್ಟು ಕೊಟ್ಟರೆ ಮಾತ್ರ ನಿರ್ಧರಿಸಬಹುದಂತೆ. ಬೇಕರಿಯವರು ಪಣ ಕಟ್ಟಿರುವುದು ಕಾಳಿನ ಮೇಲೆ, ನಾನು ಭಟ್ಟಿಯ ಮೇಲೆ.